ಇಪ್ಪತ್ತು ಪೆನ್ಸಿನ ಆಳ

ನವೆಂಬರಿನ ತಪಾಸಣೆ ಚೀಟಿಯಲ್ಲಿ ಪಾಸು ಎಂದಿತ್ತು.
ಕೆಳಗೊಂದು ಸಾಲು, ಸಣ್ಣಕ್ಷರದಲ್ಲಿ:
ಮುಂದಿನ ಟೈರುಗಳೆರಡೂ ಮಿತಿಗೆ ಹತ್ತಿರ.
ಮಿತಿಗೆ ಹತ್ತಿರವಿಲ್ಲದವರು ಯಾರಿದ್ದಾರೆ ಹೇಳಿ,
ಚಳಿಗಾಲದ ಹಡರ್ಸ್‌ಫೀಲ್ಡಿನಲ್ಲಿ?
ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿ ಮರೆತೆವು.

ಮಾರ್ಚಿನಲ್ಲಿ ಇಂಪನಾ ಡ್ರೈವಿಂಗ್ ಪಾಠ ಮುಗಿಸಿ ಬಂದವಳೇ
ನನ್ನ ಪರ್ಸಿನಿಂದ ಇಪ್ಪತ್ತು ಪೆನ್ಸಿನ ಬಿಲ್ಲೆ ತೆಗೆದಳು.
ಗೀರಿನೊಳಗೆ ನಿಲ್ಲಿಸಬೇಕು.
ಬಿಲ್ಲೆಯ ಅಂಚಿನ ಪಟ್ಟಿ ಕಂಡರೆ ಟೈರಿನ ಕತೆ ಮುಗಿಯಿತು.
ಹೊರಗಡೆ ಇಟ್ಟಳು, ಕಾಣಲಿಲ್ಲ.
ನಡುವೆ ಇಟ್ಟಳು, ಕಾಣಲಿಲ್ಲ.
'ಸುಮ್ನ ಹೆದರಸ್ತಾರ,' ಎಂದ ಶಿವಪುತ್ರ, ಕಿಟಕಿಯಿಂದಲೇ.

ಅವಳು ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಳು.
ನಾನು ಒದ್ದೆ ನೆಲಕ್ಕೆ ಮಂಡಿಯೂರಿ
ಚಕ್ರದ ಬೆನ್ನಿಗೆ ಕೈ ಹಾಕಿದೆ.
ಒಳಗಿನ ಅಂಚು ಬೋಳು.
ಹಪ್ಪಳ ಒತ್ತುವ ಮಣೆಯಷ್ಟು ನುಣುಪು,
ಒಂದು ಕಡೆ ತಂತಿಯ ಎಳೆ ಬೆರಳಿಗೆ ಚುಚ್ಚಿತು.
ನಾಲ್ಕು ತಿಂಗಳು ಇದರ ಮೇಲೆ
ಈಜಿಗೆ, ಪಿಯಾನೋಗೆ, ದಂತವೈದ್ಯರಿಗೆ.

ಎರಡು ನೂರಾ ಐದು, ಐವತ್ತೈದು, ಆರ್ ಹದಿನಾರು:
ಚಿಕ್ಕವನು ಮಗ್ಗಿಯಂತೆ ಬಾಯಿಪಾಠ ಮಾಡಿ
ಮೆಟ್ಟಿಲಿಳಿಯುತ್ತ ಹೇಳಿಕೊಂಡ.
ಊಟದ ಮೇಜಿನ ಮೇಲೆ ವ್ಯಾಪಾರ ಶುರುವಾಯಿತು.
ನೂರಾ ಎಂಟು ಪೌಂಡಿನದು, ಒದ್ದೆಯಲ್ಲಿ ಹಿಡಿತ ಎ.
ಐವತ್ತೆರಡರದು, ಹಿಡಿತ ಇ.
ಬೇರೆ ಯಾರದೋ ಕಾರಿನಲ್ಲಿ ಅರ್ಧ ಸವೆದದ್ದು, ಇಪ್ಪತ್ತೈದಕ್ಕೆ.
'ಹಳೇದಾದ್ರೇನ, ಗಟ್ಟಿ ಅದ,' ಎಂದ ಶಿವಪುತ್ರ,
ಮದುವೆಯ ಚಪ್ಪಲಿಯನ್ನು ಹದಿನೇಳು ವರ್ಷ ಮೆಟ್ಟಿದವನು.

ಎ-ಗಿಂತ ಇ ನಿಲ್ಲಲು ಮೂರು ಕಾರಿನಷ್ಟು ದೂರ ಹೆಚ್ಚು ಬೇಕಂತೆ.
ಆ ಮೂರು ಕಾರಿನ ಜಾಗದಲ್ಲಿ ಯಾರು ಯಾರು ನಿಲ್ಲಬಹುದು
ಎಂದು ಲೆಕ್ಕ ಹಾಕತೊಡಗಿದೆ:
ಶಾಲೆಯೆದುರು ಹಳದಿ ಕೋಟಿನ ಮಾರೀನ್,
ಅವಳ ಕೈಯ ಕೋಲು, ಕೋಲಿನ ಹಿಂದೆ ಸಾಲು,
ಸಾಲಿನ ಕೊನೆಯಲ್ಲಿ ಶೂ ಲೇಸು ಕಟ್ಟಲು ಬಗ್ಗಿದ ಒಬ್ಬ.
ಲೆಕ್ಕ ಮುಗಿಸಲಿಲ್ಲ.
ನೂರಾ ಎಂಟರದಕ್ಕೆ ದುಡ್ಡು ಕಟ್ಟಿದೆ.

ಲಾಕ್‌ವುಡ್ಡಿನ ಗ್ಯಾರೇಜಿನಲ್ಲಿ ಝುಲ್ಫಿ ಕೈ ಚಾಚಿದ:
'ಬಾಜಿ, ಲಾಕಿಂಗ್ ನಟ್ಟಿನ ಕೀ?'
ಸೀಟಿನಡಿ ಹುಡುಕಿದೆ, ಡಿಕ್ಕಿ ಬಗೆದೆ,
ಒಣಗಿದ ಚಕ್ಕುಲಿ, ಒಂಟಿ ಕೈಗವಸು, ಹಲ್ಲಿಲ್ಲದ ಬಾಚಣಿಗೆ.
ಫೋನಿನಲ್ಲಿ ಶಿವಪುತ್ರ ಬಹಳ ಹೊತ್ತು ಸುಮ್ಮನಿದ್ದು ಹೇಳಿದ:
'ಪೂಜಾದ ಕುಂಕುಮ ಡಬ್ಬ್ಯಾಗ ನೋಡ.'
ಇತ್ತು. ಕೆಂಪು ಹಲ್ಲಿನ ಪುಟ್ಟ ಉಕ್ಕಿನ ಕೀ.
ಝುಲ್ಫಿ ಅದನ್ನು ತೋಳಿಗೆ ಒರೆಸಿದ, ಏನೂ ಕೇಳಲಿಲ್ಲ.

ಆಮೇಲೆ ಹೊಸ ಜೋಡಿಯನ್ನು ಹಿಂದಕ್ಕೆ ಉರುಳಿಸಿದ.
'ಮುಂದಿನವಲ್ಲವೇ ಸವೆದದ್ದು?' ಅಂದೆ.
'ಹಿಂದಿನ ಹಳೆಯವನ್ನು ಮುಂದಕ್ಕೆ ಹಾಕ್ತೀನಿ. ಹೊಸತು ಯಾವಾಗಲೂ ಹಿಂದೆ, ಬಾಜಿ.
ಮುಂದೆ ಜಾರಿದರೆ ನಿಮಗೆ ಗೊತ್ತಾಗುತ್ತೆ, ಕೈಗೆ ತಿಳಿಯುತ್ತೆ.
ಹಿಂದೆ ಜಾರಿದರೆ
ಗೊತ್ತಾಗೋ ಹೊತ್ತಿಗೆ ಕಾರು ತಿರುಗಿ ನಿಂತಿರುತ್ತೆ.'
ಹಿಂದಿನ ಸೀಟಿನಲ್ಲಿ ಚಿಕ್ಕವನು ಬಿಟ್ಟುಹೋದ ಸೇಬಿನ ತಿರುಳು.
ತಲೆಯಾಡಿಸಿದೆ.

ಚಕ್ರದ ಕೋನವನ್ನೂ ಸರಿಮಾಡಿದ,
ಅದಕ್ಕೆ ಬೇರೆ ನಲವತ್ತು.
'ಮೊದಲ ನೂರು ಮೈಲಿ ಮೆಲ್ಲಗೆ,
ಹೊಸ ರಬ್ಬರಿಗೆ ಇನ್ನೂ ರಸ್ತೆ ಅಂಟಿಲ್ಲ.'

ಮನೆಗೆ ಇಂಪನಾಳೇ ಓಡಿಸಿದಳು, ಕೆಂಪು ಎಲ್ ಅಂಟಿಸಿಕೊಂಡು.
ಮಳೆ. ಇಳಿಜಾರು. ಹಿಂದೊಂದು ಲಾರಿ ಹಾರನ್ ಒತ್ತುತ್ತಲೇ ಇತ್ತು.
'ಒತ್ತಲಿ ಬಿಡು,' ಎಂದೆ, ಇಲ್ಲದ ಬ್ರೇಕನ್ನು ಬಲಗಾಲಲ್ಲಿ ತುಳಿಯುತ್ತ.
ಕೋಟಿನ ಜೇಬಿನಲ್ಲಿ ಇಪ್ಪತ್ತು ಪೆನ್ಸು,
ಬೆರಳಿಗೆ ಸಿಕ್ಕಿ, ಸಿಕ್ಕಿ, ಜಾರಿ,
ತೊಂಬತ್ತೇಳು ಮೈಲಿ ಬಾಕಿ.